ಕಾಟಾದ ಲ್ಯಾನ್ ಯಾಕೆ ಎಳೆಯುತ್ತಿದೆ? ಡಿಕ್ಕಿ ಎಣಿಸಿ ದೋಷ ಹಿಡಿಯುವ ಬಗೆ

ಗಂಗಾವತಿ ಸುತ್ತ ಮುಂಗಾರಿನ ಭತ್ತ ಕೊಯ್ಲಿಗೆ ಬಂತೆಂದರೆ ರೈಸ್ ಮಿಲ್‌ಗಳ ಗೇಟಿನ ಮುಂದೆ ಟ್ರ್ಯಾಕ್ಟರ್, ಲಾರಿಗಳ ಸಾಲು ರಸ್ತೆಯವರೆಗೂ ಬೆಳೆಯುತ್ತದೆ. ಆ ದಿನಗಳಲ್ಲಿ ಕಾಟಾ ಕೋಣೆಯ, ಅಂದರೆ ಗಾಡಿ ತೂಗುವ ಕೋಣೆಯ, ಕಂಪ್ಯೂಟರ್ ಒಂದೊಂದು ಗಾಡಿಗೆ ಎರಡೆರಡು ನಿಮಿಷ ಹೆಚ್ಚು ತಿಂದರೆ ಸಾಲಿನ ಕೊನೆಯಲ್ಲಿರುವ ರೈತ ರಾತ್ರಿ ಟ್ರೇಲರ್ ಮೇಲೇ ಮಲಗಬೇಕು. ಕಾದಷ್ಟೂ ಕಾಳಿನ ತೇವ ಆರುತ್ತದೆ, ತೂಕ ಇಳಿಯುತ್ತದೆ. ನೆಟ್‌ವರ್ಕ್ ನಿಧಾನ ಎಂಬ ದೂರನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದಕ್ಕೆ ಕಾರಣ ಇದು.

ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಮಿಲ್ಲಿನ ದೋಷದ ಬಗ್ಗೆ. ಕಾಟಾ ಕೋಣೆಯಿಂದ ಆಫೀಸಿಗೆ ಸುಮಾರು 180 ಮೀಟರ್. ತಾಮ್ರದ ಲ್ಯಾನ್ ವೈರಿನ ಮಿತಿ 100 ಮೀಟರ್ ಆದ್ದರಿಂದ ನಡುವೆ ಫೈಬರ್ ಎಳೆದು, ಎರಡೂ ತುದಿಗೆ ತಾಮ್ರದ ವೈರನ್ನು ಫೈಬರಿಗೆ ಬೆಸೆಯುವ ಒಂದೊಂದು ಮೀಡಿಯಾ ಕನ್ವರ್ಟರ್ ಕೂರಿಸಿದ್ದರು. ಆಫೀಸಿನಲ್ಲಿ ಎಲ್ಲ ಲ್ಯಾನ್ ವೈರ್‌ಗಳನ್ನು ಕೂಡಿಸುವ ಪೆಟ್ಟಿಗೆ, ಅಂದರೆ 10/100 ಮೆಗಾಬಿಟ್ ವೇಗದ ಹಳೆಯ ಸ್ವಿಚ್, ಅದಕ್ಕೆ ಸರ್ವರ್. ಗಾಡಿ ಕಾಟಾ ಹತ್ತಿದಾಗ ಕ್ಯಾಮೆರಾ ಫೋಟೋ ತೆಗೆಯುತ್ತದೆ, ತೂಕದ ಜೊತೆ ಅದು ಆಫೀಸಿನ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ಹಳೆಯ ಲೆಕ್ಕ ಇಳಿದು ಬಂದು ಪಾವತಿ ಚೀಟಿ ಅಚ್ಚಾಗುತ್ತದೆ. ಕಾಟಾ ಗುಮಾಸ್ತರು ಫೋನಿನಲ್ಲಿ ಹೇಳಿದ್ದು ಇಷ್ಟು: “ಅಣ್ಣಾರ, ನೆಟ್ ಐತ್ರಿ, ಲೈಟೂ ಹತ್ತ್ಯಾವ. ಆದ್ರ ಪಾವತಿ ಬರವಲ್ದು. ಬಂದ್ರೂ ಭಾಳ ತಡಾ ಆಕ್ಕೈತಿ. ಸಾವ್ಕಾರ್ರು ಸಿಟ್ಟಾಗ್ಯಾರ, ಲಗೂನ ಬರ್ರಿ.”

ನನಗಿಂತ ಮೊದಲು ಬಂದವರು ಪಿಂಗ್ ಹೊಡೆದು, ಅಂದರೆ ಎದುರಿನ ಯಂತ್ರಕ್ಕೆ ಚಿಕ್ಕ ಕೂಗು ಹಾಕಿ ಓಗೊಡುತ್ತದೆಯೇ ಎಂದು, ನೋಡಿದ್ದರು. ಒಂದೂ ತಪ್ಪಿರಲಿಲ್ಲ. ಹಾಗಾಗಿ ಕಂಪ್ಯೂಟರಿನದೇ ದೋಷ ಎಂದು ವಿಂಡೋಸ್ ಹೊಸದಾಗಿ ಹಾಕಿ ಹೋಗಿದ್ದರು. ಏನೂ ಬದಲಾಗಲಿಲ್ಲ. ಪಿಂಗ್ ಸರಿ, ಫೈಲ್ ಮಾತ್ರ ತೆವಳುತ್ತದೆ ಎಂಬ ಈ ಜೋಡಿ ಲಕ್ಷಣ ಕಂಡರೆ ನಾನು ಮೊದಲು ಹುಡುಕುವುದು ಡಿಕ್ಕಿಯನ್ನು, ಅಂದರೆ ಕೊಲಿಷನ್ ಅನ್ನು.

ಡಿಕ್ಕಿ ಎಂದರೆ ನಿಜಕ್ಕೂ ಏನು

ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲಿನ ದಾರಿಯನ್ನು ನೆನೆಸಿಕೊಳ್ಳಿ. ಒಂದು ಗಾಡಿಗಷ್ಟೇ ಜಾಗ. ಹೊರಡುವ ಮುನ್ನ ಎದುರಿಗೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡುತ್ತೀರಿ. ಇಲ್ಲದಿದ್ದರೆ ಹೊರಡುತ್ತೀರಿ. ಆ ತುದಿಯವರೂ ಅದೇ ಗಳಿಗೆಯಲ್ಲಿ ನೋಡಿ, ಯಾರೂ ಕಾಣದೆ ಹೊರಟಿದ್ದರೆ ನಡುವೆ ಮುಖಾಮುಖಿ. ಇಬ್ಬರೂ ಹಿಂದೆ ಸರಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಡಬೇಕು.

1973ರಲ್ಲಿ ಜೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಈಥರ್ನೆಟ್ ಕಲ್ಪನೆಯನ್ನು, ಅಂದರೆ ನಮ್ಮ ಲ್ಯಾನ್ ವೈರಿನ ಮೇಲೆ ಯಂತ್ರಗಳು ಮಾತಾಡುವ ಪದ್ಧತಿಯನ್ನು, ಬರೆದಿಟ್ಟಾಗ ದಾರಿ ಹೀಗೇ ಇತ್ತು. ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್. ಹವಾಯಿಯ ಅಲೋಹಾ ರೇಡಿಯೋ ಜಾಲದಿಂದ ಬಂದ ಯೋಚನೆ ಅದು. ಅಲೋಹಾದಲ್ಲಿ ಕೇಳಿಸಿಕೊಳ್ಳದೆಯೇ ಕಳಿಸುತ್ತಿದ್ದರು. ಈಥರ್ನೆಟ್‌ನಲ್ಲಿ ಮೊದಲು ಕೇಳಿ, ಆಮೇಲೆ ಕಳಿಸಿ, ಕಳಿಸುವಾಗಲೂ ಕೇಳುತ್ತಿರಿ ಎಂಬ ನಿಯಮ ಬಂತು. ಡಿಕ್ಕಿ ಗೊತ್ತಾದ ಕೂಡಲೇ ಯಂತ್ರ 32 ಬಿಟ್‌ಗಳ ಜ್ಯಾಮ್ ಸಂಕೇತ ಕಳಿಸಿ ನಿಲ್ಲುತ್ತದೆ, ಎಷ್ಟು ಕಾಯಬೇಕೆಂದು ತನಗೆ ತಾನೇ ಚೀಟಿ ಎತ್ತುತ್ತದೆ. ಚೀಟಿಯಲ್ಲಿರುವುದು ಎಷ್ಟು ಪಾಳಿ ಕಾಯಬೇಕೆಂಬ ಸಂಖ್ಯೆ; ಒಂದು ಪಾಳಿ ಎಂದರೆ 512 ಬಿಟ್ ಹೊರಡುವಷ್ಟು ಹೊತ್ತು. ಮೊದಲ ಡಿಕ್ಕಿಗೆ 0 ಅಥವಾ 1, ಎರಡನೆಯದಕ್ಕೆ 0ರಿಂದ 3, ಮೂರನೆಯದಕ್ಕೆ 0ರಿಂದ 7, ಹೀಗೆ ದುಪ್ಪಟ್ಟಾಗುತ್ತ 1023ರವರೆಗೆ. 16 ಸಲ ಯತ್ನಿಸಿಯೂ ಆಗದಿದ್ದರೆ ಆ ಫ್ರೇಮನ್ನು, ಅಂದರೆ ಕಳಿಸುತ್ತಿದ್ದ ಮಾಹಿತಿಯ ಕಟ್ಟನ್ನು, ಕೈಬಿಡುತ್ತದೆ.

ಆದ್ದರಿಂದ ಹಾಫ್ ಡುಪ್ಲೆಕ್ಸ್, ಅಂದರೆ ಒಂದು ಹೊತ್ತಿಗೆ ಒಬ್ಬರೇ ಕಳಿಸಬಹುದಾದ, ಜಾಲದಲ್ಲಿ ಡಿಕ್ಕಿ ಆಗುವುದು ದೋಷವಲ್ಲ. ಅದು ಅಲ್ಲಿನ ಸರದಿ ಹಂಚುವ ಪದ್ಧತಿ. ಯಂತ್ರದ ನೆಟ್‌ವರ್ಕ್ ಕಾರ್ಡ್ ತಾನೇ ಮತ್ತೆ ಕಳಿಸುತ್ತದೆ, ಮೇಲಿನ ಪ್ರೋಗ್ರಾಮಿಗೆ ಸುದ್ದಿಯೂ ಮುಟ್ಟುವುದಿಲ್ಲ.

ಇದಕ್ಕೊಂದು ಷರತ್ತಿದೆ, ನಮ್ಮ ದೋಷದ ಬೇರು ಅಲ್ಲೇ ಇರುವುದು. ಡಿಕ್ಕಿ ಆದರೆ ಫ್ರೇಮಿನ ಮೊದಲ 512 ಬಿಟ್‌ಗಳು, ಅಂದರೆ 64 ಬೈಟ್, ಹೊರಡುವುದರೊಳಗೆ ಆಗಬೇಕು. ಈಥರ್ನೆಟ್ ಫ್ರೇಮ್ 64 ಬೈಟ್‌ಗಿಂತ ಚಿಕ್ಕದಿರಬಾರದು ಎಂಬ ನಿಯಮ ಇರುವುದೇ ಇದಕ್ಕೆ. 10 ಮೆಗಾಬಿಟ್ ವೇಗದಲ್ಲಿ ಈ ಅವಧಿ 51.2 ಮೈಕ್ರೋಸೆಕೆಂಡ್, 100 ಮೆಗಾಬಿಟ್‌ನಲ್ಲಿ 5.12. ಅಷ್ಟರೊಳಗೆ ಎದುರಿನವರ ಸದ್ದು ಬರದಿದ್ದರೆ ದಾರಿ ನನ್ನದಾಯಿತು ಎಂದು ಯಂತ್ರ ತಿಳಿಯುತ್ತದೆ. ಅದಾದ ಮೇಲೂ ಡಿಕ್ಕಿ ಆದರೆ ಅದಕ್ಕೆ ಲೇಟ್ ಕೊಲಿಷನ್ ಎನ್ನುತ್ತಾರೆ. ಇಂಥ ಫ್ರೇಮನ್ನು ಕಾರ್ಡ್ ಸಾಮಾನ್ಯವಾಗಿ ಮತ್ತೆ ಕಳಿಸುವುದಿಲ್ಲ. ಫ್ರೇಮ್ ಹೋಯಿತು. ಕಳೆದುಹೋಗಿದೆ ಎಂದು ಮೇಲಿನ ಹಂತದಲ್ಲಿ ಸಾಗಣೆ ನೋಡಿಕೊಳ್ಳುವ ಟಿಸಿಪಿಗೆ ತಡವಾಗಿ ತಿಳಿದು ಅದು ಮತ್ತೆ ಕಳಿಸಬೇಕು, ಆಮೇಲೆ ವೇಗವನ್ನೂ ಇಳಿಸಿಕೊಳ್ಳುತ್ತದೆ. ಕಾಟಾ ಕೋಣೆಯಲ್ಲಿ ಪಾವತಿ ಬಾರದೆ ಕುಳಿತಿರುವ ಆ ಹೊತ್ತು ಇದೇ.

ಎರಡು ದಾರಿ ಇದ್ದರೂ ಒಂದೇ ಎಂದುಕೊಂಡವನು

ಈಗಿನ 10/100 ಲ್ಯಾನ್ ವೈರಿನಲ್ಲಿ ಹೋಗುವುದಕ್ಕೆ ಒಂದು ಜೋಡಿ, ಬರುವುದಕ್ಕೆ ಇನ್ನೊಂದು ಜೋಡಿ ತಂತಿ ಇರುತ್ತದೆ. 100 ಮೆಗಾಬಿಟ್‌ನಲ್ಲಿ 1–2 ಒಂದು ಜೋಡಿ, 3–6 ಇನ್ನೊಂದು. ಸ್ವಿಚ್ಚಿನ ಒಂದೊಂದು ಪೋರ್ಟಿಗೂ ಅದರದೇ ಬೇರೆ ದಾರಿ. ಎರಡೂ ಕಡೆಯವರು ಫುಲ್ ಡುಪ್ಲೆಕ್ಸ್, ಅಂದರೆ ಒಂದೇ ಹೊತ್ತಿಗೆ ಇಬ್ಬರೂ ಕಳಿಸಬಹುದು, ಎಂದು ಒಪ್ಪಿಕೊಂಡರೆ ಕೇಳಿಸಿಕೊಳ್ಳುವ ಗೋಜೇ ಇಲ್ಲ, ಡಿಕ್ಕಿ ಆಗಲು ಜಾಗವೇ ಇಲ್ಲ. ಹಾಗಾಗಿ ಸ್ವಿಚ್ ಇರುವ ಜಾಲದಲ್ಲಿ ಡಿಕ್ಕಿಯ ಎಣಿಕೆ ಸೊನ್ನೆಯೇ ಇರಬೇಕು. ಇಲ್ಲದಿದ್ದರೆ ಯಾವುದೋ ತುದಿ ಹಾಫ್ ಡುಪ್ಲೆಕ್ಸ್‌ನಲ್ಲಿದೆ. ಆ ತುದಿ ಯಾವುದು, ಯಾಕೆ ಹಾಗಾಯಿತು ಎಂಬುದೇ ನಮ್ಮ ಹುಡುಕಾಟ.

ಒಂದು ತುದಿ ಫುಲ್, ಇನ್ನೊಂದು ಹಾಫ್ ಆಗಿದೆ ಎನ್ನಿ. ಏರಿಯ ಎರಡೂ ಬದಿಗೆ ಬೇರೆ ಬೇರೆ ದಾರಿ ಇದೆ. ಒಬ್ಬನಿಗೆ ಅದು ಗೊತ್ತು, ಆತ ತನ್ನ ದಾರಿಯಲ್ಲಿ ತನಗೆ ಬೇಕಾದಾಗ ಹೊರಡುತ್ತಾನೆ. ಇನ್ನೊಬ್ಬನಿಗೆ ಇರುವುದು ಒಂದೇ ದಾರಿ ಎಂಬ ನಂಬಿಕೆ. ಪಕ್ಕದ ದಾರಿಯಲ್ಲಿ ಗಾಡಿ ಕಂಡ ಕೂಡಲೇ ಡಿಕ್ಕಿ ಆಯಿತೆಂದು ಹೊತ್ತ ಚೀಲವನ್ನು ಅಲ್ಲೇ ಕೆಡವಿ ಹಿಂದಿರುಗುತ್ತಾನೆ. ತಂತಿಯಲ್ಲಿ ಯಾವುದೂ ಯಾವುದಕ್ಕೂ ತಾಗಿರುವುದಿಲ್ಲ. ತಿರುಚಿದ ಜೋಡಿ ತಂತಿಯಲ್ಲಿ ಹಾಫ್ ಡುಪ್ಲೆಕ್ಸ್ ಯಂತ್ರ ಡಿಕ್ಕಿ ಗುರುತಿಸುವುದೇ ಹೀಗೆ: ನಾನು ಕಳಿಸುತ್ತಿರುವಾಗ ಬರುವ ಜೋಡಿಯಲ್ಲಿ ಸದ್ದಿದೆಯೇ? ಇದ್ದರೆ ಡಿಕ್ಕಿ.

ಹಾಫ್ ತುದಿ ಅರ್ಧಕ್ಕೆ ನಿಲ್ಲಿಸಿದ ಫ್ರೇಮ್ ಫುಲ್ ತುದಿಗೆ ತುಂಡಾಗಿ ಮುಟ್ಟುತ್ತದೆ. ಅಲ್ಲಿ ಅದು ಸಿಆರ್‌ಸಿ ತಪ್ಪು (ಫ್ರೇಮ್ ಕೆಟ್ಟಿಲ್ಲ ಎಂದು ತಾಳೆ ನೋಡುವ ಲೆಕ್ಕ ತಪ್ಪಿದೆ) ಎಂದೋ, 64 ಬೈಟ್‌ಗಿಂತ ಚಿಕ್ಕದಿದ್ದರೆ ರಂಟ್ ಎಂದೋ ಎಣಿಕೆಯಾಗುತ್ತದೆ. ಒಂದು ಕಡೆ ಲೇಟ್ ಕೊಲಿಷನ್, ಇನ್ನೊಂದು ಕಡೆ ಸಿಆರ್‌ಸಿ. ಈ ಎರಡೂ ಒಟ್ಟಿಗೆ ಏರುತ್ತಿದ್ದರೆ ಡುಪ್ಲೆಕ್ಸ್ ಹೊಂದಿಕೆ ತಪ್ಪಿದೆ ಎಂದು ನಾನು ಬೇರೆ ಪರೀಕ್ಷೆಗೆ ಕಾಯದೆ ಹೇಳುತ್ತೇನೆ.

ಪಿಂಗ್ ಯಾಕೆ ಸರಿ ಇತ್ತು? ಪಿಂಗ್ ಎಂದರೆ ಪ್ರಶ್ನೆ, ಅದು ಮುಟ್ಟಿದ ಮೇಲೆ ಉತ್ತರ. ಒಂದೇ ಸಮಯಕ್ಕೆ ಎರಡೂ ಕಡೆಯಿಂದ ಸಾಗಣೆ ಇರುವುದಿಲ್ಲ, ಹಾಗಾಗಿ ಡಿಕ್ಕಿಗೆ ಸಂದರ್ಭವೇ ಬರುವುದಿಲ್ಲ. ದೊಡ್ಡ ಗಾತ್ರದ ಪಿಂಗ್ ಹೊಡೆದರೂ ಬಹುಪಾಲು ದಾಟಿಹೋಗುತ್ತದೆ. ಫೈಲ್ ಸಾಗುವಾಗ ಹಾಗಲ್ಲ. ಒಂದು ಕಡೆಯಿಂದ ದೊಡ್ಡ ಫ್ರೇಮ್‌ಗಳ ಸಾಲು, ಎದುರಿನಿಂದ ಮುಟ್ಟಿತು ಮುಟ್ಟಿತು ಎನ್ನುವ ಚಿಕ್ಕ ಸ್ವೀಕೃತಿಗಳು, ಎರಡೂ ಹೆಣೆದುಕೊಂಡು ಓಡುತ್ತಿರುತ್ತವೆ.

ಇಲ್ಲೊಂದು ಲೆಕ್ಕ ಹಾಕಿ ನೋಡುವಂತಿದೆ. ತುಂಬು ಗಾತ್ರದ, 1518 ಬೈಟ್‌ಗಳ ಫ್ರೇಮ್ 100 ಮೆಗಾಬಿಟ್‌ನಲ್ಲಿ ಪೂರ್ತಿ ಹೊರಡಲು ಸುಮಾರು 122 ಮೈಕ್ರೋಸೆಕೆಂಡ್ ಬೇಕು. ಅದರಲ್ಲಿ ಸರಿಯಾದ ಡಿಕ್ಕಿಗೆ ಮೀಸಲಾದದ್ದು ಮೊದಲ 5.12 ಮಾತ್ರ, ಅಂದರೆ ನೂರಕ್ಕೆ ನಾಲ್ಕು ಪಾಲು. ಫುಲ್ ತುದಿಯವನು ಯಾವಾಗ ಬೇಕಾದರೂ ಹೊರಡುವುದರಿಂದ ಉಳಿದ 96 ಪಾಲಿನಲ್ಲಿ ಬಂದು ನಿಲ್ಲುವುದೇ ಹೆಚ್ಚು. ಹೊಂದಿಕೆ ತಪ್ಪಿದ ಕಡೆ ಲೇಟ್ ಕೊಲಿಷನ್ ಅಷ್ಟೊಂದು ಕಾಣುವುದು ಇದರಿಂದ. ಇನ್ನೊಂದು ಸುಳಿವೂ ಇಲ್ಲೇ ಸಿಗುತ್ತದೆ: ಹಾಫ್ ತುದಿಯಿಂದ ದೊಡ್ಡ ಫ್ರೇಮ್‌ಗಳು ಹೊರಡುವ ದಿಕ್ಕು ತೀರಾ ಕೆಟ್ಟಿರುತ್ತದೆ, ಎದುರು ದಿಕ್ಕು ಅಷ್ಟು ಕೆಟ್ಟಿರುವುದಿಲ್ಲ. ಎದುರು ದಿಕ್ಕಿನಲ್ಲಿ ಹಾಫ್ ತುದಿ ಕಳಿಸುವುದು ಚಿಕ್ಕ ಸ್ವೀಕೃತಿಗಳನ್ನು. ಅವು ಮೊದಲ 64 ಬೈಟ್‌ಗೇ ಮುಗಿದುಬಿಡುತ್ತವೆ, ಡಿಕ್ಕಿಯಾದರೂ ಕಾರ್ಡೇ ಮರಳಿ ಕಳಿಸುತ್ತದೆ.

ಪರೀಕ್ಷೆ

ಮಿಲ್ಲಿಗೆ ಹೋದವನು ಮೊದಲು ಮಾಡಿದ್ದು ಇದನ್ನೇ. 100 ಮೆಗಾಬೈಟ್‌ನ ಒಂದು ಫೈಲನ್ನು ಕಾಟಾದಿಂದ ಆಫೀಸಿಗೆ, ಆಮೇಲೆ ಆಫೀಸಿನಿಂದ ಕಾಟಾಕ್ಕೆ ನಕಲು ಮಾಡಿದೆ. ದಾರಿ ಚೆನ್ನಾಗಿದ್ದರೆ 100 ಮೆಗಾಬಿಟ್ ಸಂಪರ್ಕದಲ್ಲಿ 9–10 ಸೆಕೆಂಡ್ ಸಾಕು. ಆಫೀಸಿಗೆ ಹೋಗುವಾಗ ತಡೆದು ತಡೆದು ಒಂದು ನಿಮಿಷ ದಾಟಿತು. ಕಾಟಾಕ್ಕೆ ಬರುವಾಗ ಐದು ನಿಮಿಷವಾದರೂ ಕಾಲು ಭಾಗ ಬಂದಿರಲಿಲ್ಲ. ದಿಕ್ಕಿನ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದುದರಿಂದ ಹಾಫ್ ತುದಿ ಆಫೀಸ್ ಕಡೆ ಇದೆ ಎಂಬ ಊಹೆಗೆ ಬಂದೆ. ಕೇಬಲ್ ಟೆಸ್ಟರ್ ಎತ್ತುವ ಮೊದಲೇ ಈ ನಕಲು ಪರೀಕ್ಷೆ ಮಾಡಿ, ಅದೂ ಎರಡೂ ದಿಕ್ಕಿಗೆ ಮಾಡಿ. ಒಂದೇ ದಿಕ್ಕಿಗೆ ಮಾಡಿ ಬಿಟ್ಟರೆ ಅರ್ಧ ಮಾತಷ್ಟೇ ತಿಳಿಯುತ್ತದೆ.

ಆಮೇಲೆ ಎಣಿಕೆ ನೋಡಬೇಕು. ಒಳಗಿನ ಎಣಿಕೆ ತೋರಿಸುವ ಮ್ಯಾನೇಜ್ಡ್ ಸ್ವಿಚ್ ಇದ್ದರೆ ಆ ಪೋರ್ಟಿನ ಅಂಕಿಅಂಶದ ಪುಟದಲ್ಲಿ ಡುಪ್ಲೆಕ್ಸ್, ಕೊಲಿಷನ್, ಲೇಟ್ ಕೊಲಿಷನ್, ಸಿಆರ್‌ಸಿ, ರಂಟ್ ಎಲ್ಲವೂ ಇರುತ್ತವೆ. ಹಳೆಯ ಅಂಕಿಗಳನ್ನು ನಂಬಬೇಡಿ. ಅವು ಹೋದ ವರ್ಷ ಯಾರೋ ವೈರ್ ಕಿತ್ತಾಗಿನವೂ ಆಗಿರಬಹುದು. ಸೊನ್ನೆ ಮಾಡಿ, ಫೈಲ್ ನಕಲು ಓಡಿಸಿ, ಆಗ ಏರುತ್ತದೆಯೇ ನೋಡಿ.

ನಮ್ಮ ಕಡೆಯ ಬಹುತೇಕ ಮಿಲ್, ಅಂಗಡಿಗಳಲ್ಲಿ ಇರುವುದು ಸಾದಾ ಸ್ವಿಚ್. ಅಲ್ಲಿ ಎರಡು ದಾರಿ ಇವೆ. ಹಳೆಯ 10/100 ಸ್ವಿಚ್‌ಗಳಲ್ಲಿ ಒಂದೊಂದು ಪೋರ್ಟಿಗೂ ಎಫ್‌ಡಿಎಕ್ಸ್/ಸಿಒಎಲ್ ಎಂಬ ದೀಪ ಇರುವುದುಂಟು. ಸ್ಥಿರವಾಗಿ ಉರಿದರೆ ಫುಲ್ ಡುಪ್ಲೆಕ್ಸ್, ಆರಿದ್ದರೆ ಹಾಫ್, ಮಿಣುಕಿದರೆ ಡಿಕ್ಕಿ. ಈ ಮಿಲ್ಲಿನ ಸ್ವಿಚ್ಚಿಗೂ ಅದು ಇತ್ತು, ಆದರೆ ಭತ್ತದ ಹೊಟ್ಟಿನ ದೂಳು ಮೆತ್ತಿಕೊಂಡು ಯಾವ ದೀಪವೂ ಕಾಣುತ್ತಿರಲಿಲ್ಲ. ಬಟ್ಟೆಯಿಂದ ಒರೆಸಿದ ಮೇಲೆ ನೋಡಿದರೆ ಹದಿನೈದು ಪೋರ್ಟ್ ಸ್ಥಿರ, ಫೈಬರ್ ಕನ್ವರ್ಟರಿನ ಪೋರ್ಟ್ ಒಂದೇ ಮಿಣುಕುತ್ತಿತ್ತು.

ದೀಪ ಇಲ್ಲದಿದ್ದರೆ ಲಿನಕ್ಸ್ ಇರುವ ಲ್ಯಾಪ್‌ಟಾಪನ್ನು ಸ್ವಿಚ್ಚಿನ ಜಾಗದಲ್ಲಿ ಕೂರಿಸಿ. ಅನುಮಾನ ಇರುವ ವೈರನ್ನು ಅದಕ್ಕೆ ಚುಚ್ಚಿ, ಇಥ್‌ಟೂಲ್ (ethtool) ಆದೇಶ ಕೊಟ್ಟರೆ ವೇಗ, ಡುಪ್ಲೆಕ್ಸ್ ಎರಡನ್ನೂ ಹೇಳುತ್ತದೆ. ಎದುರಿನ ಸಾಧನ ಆಟೊ ನೆಗೋಷಿಯೇಷನ್ (ವೇಗ, ಡುಪ್ಲೆಕ್ಸ್ ಬಗ್ಗೆ ತಾನಾಗಿಯೇ ಮಾತುಕತೆ) ಮಾಡುತ್ತಿದೆಯೋ ಇಲ್ಲವೋ ಎಂಬುದನ್ನೂ ಕೆಲವು ಕಾರ್ಡ್‌ಗಳು ತೋರಿಸುತ್ತವೆ. ಅದರದೇ ಅಂಕಿಅಂಶದ ಆಯ್ಕೆಯಲ್ಲಿ ಡಿಕ್ಕಿಯ ಎಣಿಕೆ ಸಿಗುತ್ತದೆ, ಕಾರ್ಡಿನಿಂದ ಕಾರ್ಡಿಗೆ ಅದರ ಹೆಸರು ಬೇರೆ. ನನಗೆ ಕಂಡದ್ದು: ವೇಗ 100, ಡುಪ್ಲೆಕ್ಸ್ ಹಾಫ್, ಎದುರಿನವರ ಆಟೊ ನೆಗೋಷಿಯೇಷನ್ ಇಲ್ಲ. ವಿಂಡೋಸ್‌ನ ನೆಟ್‌ಸ್ಟ್ಯಾಟ್ ಒಟ್ಟು ಎರರ್‌ಗಳನ್ನು ಹೇಳುತ್ತದೆ, ಡಿಕ್ಕಿಯನ್ನು ಬಿಡಿಸಿ ಹೇಳುವುದಿಲ್ಲ. ಈ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಹಾಫ್ ಆದದ್ದು ಯಾಕೆ

1995ರ ಫಾಸ್ಟ್ ಈಥರ್ನೆಟ್ ಮಾನಕದ ಜೊತೆ ಆಟೊ ನೆಗೋಷಿಯೇಷನ್ ಬಂತು. ವೈರ್ ಚುಚ್ಚಿದಾಗ ಎರಡೂ ತುದಿ ತಮ್ಮ ಶಕ್ತಿಯನ್ನು ಹೇಳಿಕೊಂಡು, ಇಬ್ಬರಿಗೂ ಸಾಧ್ಯವಿರುವ ಒಳ್ಳೆಯದನ್ನು ಆರಿಸಿಕೊಳ್ಳುತ್ತವೆ. ಒಂದು ತುದಿಯಲ್ಲಿ ಯಾರೋ 100 ಫುಲ್ ಎಂದು ಬಿಗಿದಿಟ್ಟರೆ ಆ ತುದಿ ಮಾತುಕತೆಗೇ ಬರುವುದಿಲ್ಲ. ಆಟೊ ತುದಿ ಬರುವ ಸಂಕೇತ ನೋಡಿ ವೇಗ 100 ಎಂದು ಗುರುತಿಸಬಲ್ಲದು. ಡುಪ್ಲೆಕ್ಸ್ ಏನೆಂದು ಸಂಕೇತದಿಂದ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಹಾಫ್ ಎಂದು ಹಿಡಿಯಬೇಕು ಎಂಬುದು ಮಾನಕದ ನಿಯಮ. ಸ್ವಿಚ್ಚಿನ ತಪ್ಪು ಇಲ್ಲಿ ಏನೂ ಇಲ್ಲ.

ಈ ಮಿಲ್ಲಿನಲ್ಲಿ ಮಳೆಗಾಲದ ಸಿಡಿಲಿಗೆ ಹಳೆಯ ಕನ್ವರ್ಟರ್‌ಗಳು ಅಡಾಪ್ಟರ್ ಸಮೇತ ಸುಟ್ಟುಹೋಗಿದ್ದವು. ಹೊಸ ಜೋಡಿ ತಂದು ಹಾಕಿದ್ದರು. ಕನ್ವರ್ಟರಿನ ಬದಿಯಲ್ಲಿ ಉಗುರಿನಷ್ಟು ಚಿಕ್ಕ ಡಿಪ್ ಸ್ವಿಚ್‌ಗಳ ಸಾಲು ಇರುತ್ತದೆ. ಆಫೀಸ್ ಕಡೆಯದರಲ್ಲಿ ತಾಮ್ರದ ಪೋರ್ಟನ್ನು 100 ಫುಲ್‌ಗೆ ಬಿಗಿಯುವ ಸ್ವಿಚ್ ಆನ್ ಇತ್ತು. ಫೈಬರ್ ಬದಿಯಲ್ಲಿ 100 ಮೆಗಾಬಿಟ್ ಮಾನಕಕ್ಕೆ ಮಾತುಕತೆ ಇಲ್ಲದ ಕಾರಣ ಅಲ್ಲಿ ಬಿಗಿದಿರುವುದು ಸಹಜ. ತಾಮ್ರದ ಬದಿಯಲ್ಲಿ ಹಾಗೆ ಮಾಡಬಾರದು. ಪೆನ್ನಿನ ತುದಿಯಿಂದ ಅದನ್ನು ಆಟೊಗೆ ತಳ್ಳಿ, ಕರೆಂಟ್ ತೆಗೆದು ಮತ್ತೆ ಕೊಟ್ಟೆ. ಹಲವು ಕನ್ವರ್ಟರ್‌ಗಳು ಈ ಸ್ವಿಚ್‌ಗಳನ್ನು ಓದುವುದು ಶುರುವಾಗುವಾಗ ಮಾತ್ರ. ಸ್ವಿಚ್ಚಿನ ದೀಪ ಸ್ಥಿರವಾಯಿತು. ಅದೇ ಫೈಲ್ ಎರಡೂ ದಿಕ್ಕಿಗೆ ಹತ್ತು ಸೆಕೆಂಡಿಗೆ ದಾಟಿತು.

ಕಂಪ್ಯೂಟರಿನಲ್ಲೂ ಇದೇ ತಪ್ಪು ಸಿಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ತೆರೆದು, ಅಡ್ವಾನ್ಸ್ಡ್ ಪಟ್ಟಿಯಲ್ಲಿ ಸ್ಪೀಡ್ ಆಂಡ್ ಡುಪ್ಲೆಕ್ಸ್ ನೋಡಿ. ಹಿಂದೆ ಎಂದೋ ವೈರ್ ಕೆಟ್ಟು ಸಂಪರ್ಕ ಹಾರುತ್ತಿದ್ದಾಗ ಯಾರೋ 100 ಫುಲ್ ಎಂದು ಬಿಗಿದು ಹೋಗಿರುತ್ತಾರೆ. ಎರಡೂ ತುದಿ ಬಿಗಿಯೋಣ ಎಂದರೆ ಸಾದಾ ಸ್ವಿಚ್ಚಿನಲ್ಲಿ ಬಿಗಿಯಲು ಜಾಗವಿಲ್ಲ. ಮುಂದೆ ಗಿಗಾಬಿಟ್‌ಗೆ ಹೋದರೆ ತಾಮ್ರದ ಮೇಲೆ ಆಟೊ ನೆಗೋಷಿಯೇಷನ್ ಕಡ್ಡಾಯ. ಎರಡೂ ಕಡೆ ಆಟೊ ಇಡಿ. ಆಟೊ ಇಟ್ಟಾಗ ಸಂಪರ್ಕ ಸ್ಥಿರವಾಗಿ ಉಳಿಯದಿದ್ದರೆ ವೈರ್ ಬದಲಿಸಿ.

ಡಿಕ್ಕಿ ಎಂದು ತಪ್ಪಾಗಿ ತಿಳಿಯುವ ಬೇರೆ ದೋಷಗಳು

ಎರಡೂ ತುದಿ ಫುಲ್, ಡಿಕ್ಕಿ ಸೊನ್ನೆ, ಆದರೂ ಸಿಆರ್‌ಸಿ ಏರುತ್ತಿದ್ದರೆ ವೈರನ್ನು ಶಂಕಿಸಿ. ಕ್ರಿಂಪ್ ಮಾಡುವಾಗ 1–2, 3–4, 5–6, 7–8 ಎಂದು ಸಾಲಾಗಿ ಜೋಡಿ ಹಾಕಿದವರ ವೈರ್ ಟೆಸ್ಟರಿನಲ್ಲಿ ಎಂಟೂ ದೀಪ ಸರಿಯಾಗಿ ತೋರಿಸುತ್ತದೆ. ಆದರೆ 3 ಮತ್ತು 6 ಬೇರೆ ಬೇರೆ ಜೋಡಿಗೆ ಸೇರಿರುವುದರಿಂದ ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ಮಿಲ್ಲಿನ ಮೋಟರ್ ಕೇಬಲ್ ಜೊತೆ ಒಂದೇ ಕಟ್ಟಿನಲ್ಲಿ ಎಳೆದ ಲ್ಯಾನ್ ವೈರ್ ಕೂಡ ಹೀಗೇ. ಮೋಟರ್ ಓಡುವಾಗ ಮಾತ್ರ ಎಣಿಕೆ ಏರಿದರೆ ಬೇರೆ ಸಾಕ್ಷಿ ಬೇಡ.

ಉದ್ದದ ವೈರಿನಿಂದ ಲೇಟ್ ಕೊಲಿಷನ್ ಬರುತ್ತದೆ ಎಂಬ ಮಾತನ್ನು ಬಹಳ ಕಡೆ ಕೇಳುತ್ತೇವೆ. ಬಂದದ್ದನ್ನೆಲ್ಲ ಎಲ್ಲ ಪೋರ್ಟಿಗೂ ಹರಡುವ ಹಳೆಯ ಪೆಟ್ಟಿಗೆಯಾದ ಹಬ್ ಮೇಲೆ ಹಬ್ ಜೋಡಿಸಿದ್ದ ಕಾಲಕ್ಕೆ ಅದು ನಿಜ. ಈಗ ಲೆಕ್ಕ ಹಾಕಿ: ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 20 ಕೋಟಿ ಮೀಟರ್ ಓಡುತ್ತದೆ. 100 ಮೀಟರ್ ಹೋಗಿ ಬರಲು 1 ಮೈಕ್ರೋಸೆಕೆಂಡ್, 200 ಮೀಟರಿಗೆ 2. ಅನುಮತಿ 5.12 ಇದೆ. ಎರಡೇ ಸಾಧನಗಳ ನಡುವಿನ ವೈರ್ ಮಿತಿ ಮೀರಿದರೆ ಮೊದಲು ಸಂಕೇತ ಬಳಲಿ ಸಿಆರ್‌ಸಿ ತಪ್ಪು ಬರುತ್ತದೆ. ಹಬ್ ಇಲ್ಲದ ಜಾಲದಲ್ಲಿ ಲೇಟ್ ಕೊಲಿಷನ್ ಕಂಡು, ಡುಪ್ಲೆಕ್ಸ್ ನೋಡದೆ ವೈರ್ ಅಗೆದು ತೆಗೆಯಲು ಹೊರಡಬೇಡಿ.

ಎಲ್ಲ ಪೋರ್ಟಿನ ದೀಪಗಳೂ ಒಂದೇ ತಾಳದಲ್ಲಿ ಬಿಡದೆ ಮಿಣುಕಿ ಇಡೀ ಆಫೀಸ್ ನಿಂತರೆ ಅದು ಲೂಪ್. ಒಂದೇ ವೈರಿನ ಎರಡೂ ತುದಿ ಸ್ವಿಚ್ಚಿಗೇ ಚುಚ್ಚಿದ್ದಾರೆ, ಹುಡುಕಿ ಕೀಳಿ. ಎರಡು ಯಂತ್ರಕ್ಕೆ ಒಂದೇ ಐಪಿ ವಿಳಾಸ ಬಿದ್ದರೆ ಅದನ್ನೂ ಜನ ಕೊಲಿಷನ್ ಎನ್ನುತ್ತಾರೆ. ಅದು ಬೇರೆಯೇ ಮಾತು.

ಮೇಜಿನ ಕೆಳಗೆ ಹಳೆಯ ಹಬ್ ಇನ್ನೂ ಉಳಿದಿದ್ದರೆ ಅಲ್ಲಿ ಡಿಕ್ಕಿ ಸಹಜ, ಹಬ್ ತೆಗೆದು ಸ್ವಿಚ್ ಹಾಕಿ. ಇನ್ನು ಕೆಲವು ಚಿಕ್ಕ ಸಾಧನಗಳಿವೆ, ಇಎನ್‌ಸಿ28ಜೆ60 ಚಿಪ್ ಇರುವಂಥವು. ಅವು 10 ಮೆಗಾಬಿಟ್‌ನವು, ಆಟೊ ನೆಗೋಷಿಯೇಷನ್ ಗೊತ್ತಿಲ್ಲದವು. ಎದುರಿನ ಸ್ವಿಚ್ ಹಾಫ್‌ಗೆ ಇಳಿಯುತ್ತದೆ. ಸಾಧನವೂ ಹಾಫ್‌ನಲ್ಲೇ ಇದ್ದರೆ ಆಗೊಂದು ಈಗೊಂದು ಸಾಧಾರಣ ಡಿಕ್ಕಿ ಕಂಡರೂ ಮುಟ್ಟಬೇಡಿ, ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಲೇಟ್ ಕೊಲಿಷನ್ ಕಂಡರೆ ಮಾತ್ರ ಆ ಸಾಧನವನ್ನು ಯಾರಾದರೂ ಫುಲ್‌ಗೆ ಬಿಗಿದಿದ್ದಾರೆಯೇ ನೋಡಿ.

ಮರುದಿನ ಸಂಜೆ ಗಾಡಿಗಳ ಸಾಲು ತುಂಬಿದ್ದಾಗ ಇನ್ನೊಮ್ಮೆ ಹೋಗಿ ಸ್ವಿಚ್ಚಿನ ದೀಪ ನೋಡಿ ಬಂದೆ. ಖಾಲಿ ಜಾಲದಲ್ಲಿ ಸರಿ ಕಂಡದ್ದು ಹೊರೆ ಬಿದ್ದಾಗಲೂ ಸರಿ ಇರಬೇಕಲ್ಲ. ದೀಪ ಸ್ಥಿರವಾಗಿತ್ತು, ಪಾವತಿಗಳು ಒಂದರ ಹಿಂದೆ ಒಂದು ಅಚ್ಚಾಗುತ್ತಿದ್ದವು. ಕನ್ವರ್ಟರಿನ ತಳದಲ್ಲಿ ಅಚ್ಚಾಗಿದ್ದ ಡಿಪ್ ಸ್ವಿಚ್‌ಗಳ ಅರ್ಥವನ್ನು ಕನ್ನಡದಲ್ಲಿ ಬರೆದು, ಯಾವ ಸ್ವಿಚ್ ಯಾವ ಕಡೆ ಇರಬೇಕೆಂದು ಗೆರೆ ಹಾಕಿ, ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿದೆ. ಕಾಟಾ ಗುಮಾಸ್ತರು ಅದರ ಫೋಟೋ ತಮ್ಮ ಫೋನಿನಲ್ಲಿ ಇಟ್ಟುಕೊಂಡರು.